ರಕ್ತ ಸೊರಗಿದಾಗ ನರವೂ ಸೊರಗುವುದೇಕೆ?

ಕಳಸ, ಮೂಡಿಗೆರೆಯ ಕಡೆ ಆಷಾಢದ ಮಳೆ ಹಿಡಿದರೆ, ಕಾಲು ಜೋಮು ಹಿಡಿಯಿತೆಂದು ಹಿರಿಯರು ಒಲೆಯ ಮುಂದೆ ಕೂಡುವುದುಂಟು. ಶೀತಕ್ಕೆ ಹಾಗಾಯಿತೆಂಬ ಮಾತಿನಲ್ಲೇ ವಿಚಾರ ಮುಗಿಯುತ್ತದೆ. ಆದರೆ ಮಳೆ ಬಿಟ್ಟ ಮೇಲೂ ಅಂಗಾಲಿನ ಜೋಮು ಹೋಗದೆ, ಮುಖ ಬಿಳಿಚಿ, ತೋಟದ ಏರು ಹತ್ತುವಾಗ ಏದುಸಿರು ಬಂದರೆ ಅದನ್ನು ಶೀತವೆಂದು ತಳ್ಳಿಹಾಕಲಾಗದು. ಬಿ-12 ಎಂಬ ಜೀವಸತ್ತ್ವದ ಕೊರತೆಯು ರಕ್ತವನ್ನೂ ನರವನ್ನೂ ಒಟ್ಟಿಗೇ ಕೆಡಿಸಬಲ್ಲುದು.

ಉಸಿರಾಡಿದ ಆಮ್ಲಜನಕದಿಂದ ಶರೀರವು ಶಕ್ತಿಯನ್ನು ಪಡೆಯುವಾಗ ಕೆಲವು ಉಗ್ರ ಕಣಗಳೂ ಹುಟ್ಟುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಇದೇ ಆಮ್ಲಜನಕವೆಂಬುದನ್ನು ನೆನೆದರೆ ಅವುಗಳ ಸ್ವಭಾವ ತಿಳಿದೀತು. ಗ್ಲುಟಾಥಯೋನ್ ಮೊದಲಾದ ದ್ರವ್ಯಗಳು ಅವನ್ನು ಅಡಗಿಸುತ್ತವೆ. ಕಣಗಳು ಹೆಚ್ಚಿ ತಡೆಯುವ ಶಕ್ತಿ ಕುಗ್ಗಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. ಬಿ-12 ಸಾಲದಿದ್ದರೆ ಹೋಮೋಸಿಸ್ಟೀನ್ ಎಂಬ ಪದಾರ್ಥವು ರಕ್ತದಲ್ಲಿ ಶೇಖರವಾಗಿ ಈ ಒತ್ತಡವನ್ನು ಹೆಚ್ಚಿಸುತ್ತದೆ. ಇತ್ತ ಮಜ್ಜೆಯಲ್ಲಿ ಕೆಂಪುಕಣಗಳು ಬಲಿಯುವ ಮುನ್ನವೇ ಸಾಯುತ್ತವೆ. ಅತ್ತ ನರತಂತುವನ್ನು ಸುತ್ತಿದ ಮಯಲಿನ್ ಪೊರೆಯು ಸವೆಯುತ್ತದೆ. ಆ ಪೊರೆಯ ಬಹುಪಾಲು ಕೊಬ್ಬು. ಕೊಬ್ಬು ಉತ್ಕರ್ಷಣಕ್ಕೆ ಬೇಗ ತುತ್ತಾಗುವ ವಸ್ತು. ಒತ್ತಡವೊಂದೇ ಕಾರಣವೆಂದಲ್ಲ, ಪೊರೆಯನ್ನು ಕಟ್ಟುವ ಕೆಲಸಕ್ಕೇ ಬಿ-12 ಬೇಕು.

ಇಲ್ಲೊಂದು ಮೋಸವಿದೆ. 1940ರ ದಶಕದಲ್ಲಿ ಇಂತಹ ರೋಗಿಗಳಿಗೆ ವೈದ್ಯರು ಫೋಲಿಕ್ ಆಮ್ಲ ಕೊಟ್ಟರು. ರಕ್ತ ತುಂಬಿತು, ಮುಖ ಕೆಂಪೇರಿತು. ಆದರೆ ಹಲವರಲ್ಲಿ ನರಗಳ ಹಾನಿ ಮುಂದುವರಿಯಿತು. 1948ರಲ್ಲಿ ಬಿ-12 ಅನ್ನು ಬೇರ್ಪಡಿಸಿದ ಮೇಲೆ ಅದು ಶುದ್ಧ ಔಷಧಿಯಾಗಿ ಕೈಗೆ ಸಿಕ್ಕಿತು. ಇಂದು ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ, ಬಿ-12 ಇಲ್ಲ. ಅದನ್ನು ತಪ್ಪದೆ ನುಂಗಬೇಕು. ಜೋಮು ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಸಸ್ಯಾಹಾರದ ಮನೆಗಳಿಗೆ ಇದು ಹತ್ತಿರದ ವಿಷಯ. ರಕ್ತಕ್ಕೆ ಬೀಟ್‌ರೂಟ್, ನರಕ್ಕೆ ಒಂದೆಲಗದ ಚಟ್ನಿ ಎನ್ನುತ್ತೇವೆ. ಅವು ಒಳ್ಳೆಯವೇ, ಆದರೆ ಸೊಪ್ಪು, ಕಾಯಿ, ಕಾಳುಗಳಲ್ಲಿ ಬಿ-12 ಇಲ್ಲವೆಂದೇ ತಿಳಿಯಬೇಕು. ಹಾಲು, ಮೊಸರುಗಳಲ್ಲಿದೆ. ಕಾಫಿಗೆ ಬೆರೆಸಿದ ನಾಲ್ಕು ಚಮಚ ಹಾಲು ಆ ಲೆಕ್ಕಕ್ಕೆ ಸಾಲದು. (ಊಟದ ಜೊತೆಗೇ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನೂ ತಗ್ಗಿಸುತ್ತದೆ, ಒಂದು ಗಂಟೆ ತಾಳಿದರೆ ಲೇಸು.) ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ತೋರುತ್ತದೆ. ವೃದ್ಧರಲ್ಲಿ ಹೀರುವ ಶಕ್ತಿಯೇ ಕುಂದಿರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸಿದವರಲ್ಲೂ ಬಿ-12 ಇಳಿಯುತ್ತದೆ. ಅವರ ಜೋಮನ್ನು ಸಕ್ಕರೆಯ ಲೆಕ್ಕಕ್ಕೆ ಬರೆದುಬಿಡುವುದು ಸುಲಭ.

ರಕ್ತಪರೀಕ್ಷೆಯಿಂದ ಕೊರತೆಯನ್ನು ಅರಿಯಬಹುದು. ಮಾತ್ರೆಯೋ ಚುಚ್ಚುಮದ್ದೋ ವೈದ್ಯರು ನಿರ್ಧರಿಸುವರು; ನರಹಾನಿ ಕಂಡಿದ್ದರೆ ಸಾಮಾನ್ಯವಾಗಿ ಚುಚ್ಚುಮದ್ದನ್ನೇ ಕೊಡುತ್ತಾರೆ. ರಕ್ತವು ಸುಮಾರು ಎರಡು ತಿಂಗಳಲ್ಲಿ ಸುಧಾರಿಸುತ್ತದೆ. ನರಗಳಿಗೆ ಆರು ತಿಂಗಳು, ವರ್ಷವೂ ಹಿಡಿದೀತು. ಬಹಳ ತಡವಾಗಿ ಬಂದವರಲ್ಲಿ ನಡಿಗೆಯ ತೂರಾಟ ಪೂರ್ತಿ ಹೋಗದೆಯೂ ಉಳಿಯುತ್ತದೆ.