ಮುತ್ತತ್ತಿ ರಸ್ತೆಯ ಕೋತಿಗಳು

ಹಲಗೂರಿನಿಂದ ಮುತ್ತತ್ತಿಗೆ ಹೋಗುವ ರಸ್ತೆ ಕಾಡಿನೊಳಗೇ ಸಾಗುತ್ತದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಈ ಜಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಸಫಾರಿ ಜೀಪು ಬೇಕಿಲ್ಲ, ಸ್ವಂತ ಕಾರಿನಲ್ಲೇ ಹೋಗಬಹುದು. ಜೊತೆಗೆ ಗೈಡ್ ಇರುವುದಿಲ್ಲ, ಬೇಡ ಎನ್ನುವವರೂ ಇರುವುದಿಲ್ಲ.

ಕಳೆದ ರಜೆಯಲ್ಲಿ ಮಾಮೂ ಕಾರಿನಲ್ಲಿ ಹೋಗಿದ್ದೆವು. ರಸ್ತೆ ಬದಿಯಲ್ಲಿ ಕೋತಿಗಳನ್ನು ಕಂಡು ನಾನೇ ಕಿಟಕಿ ಇಳಿಸಿ ಚಿಪ್ಸ್ ಎಸೆದೆ. ಮರಿ ಅವುಚಿಕೊಂಡಿದ್ದ ತಾಯಿಕೋತಿಯೊಂದು ರಸ್ತೆ ಮಧ್ಯಕ್ಕೆ ಓಡಿ ಬಂತು. ಹಿಂದೆ ಬರುತ್ತಿದ್ದ ಬೈಕಿನವರು ಬ್ರೇಕ್ ಹಾಕದಿದ್ದರೆ ಎರಡೂ ಉಳಿಯುತ್ತಿರಲಿಲ್ಲ. ಮಾಮೂ ಬೈಯಲಿಲ್ಲ, ಸುಮ್ಮನೆ ಕಿಟಕಿ ಏರಿಸಿದರು. ಬೈದಿದ್ದರೇ ವಾಸಿಯಿತ್ತು.

ಕಾಡಿನಲ್ಲಿ ಹಣ್ಣು, ಚಿಗುರು, ಹುಳು ಎಲ್ಲವೂ ಇದೆ; ಆದರೆ ಹುಡುಕಿ ತಿನ್ನಬೇಕು. ಕಾರಿನಿಂದ ಪುಕ್ಕಟೆ ಸಿಕ್ಕರೆ ಕೋತಿ ರಸ್ತೆ ಬಿಟ್ಟು ಕದಲುವುದಿಲ್ಲ. ಮರಿಯೂ ಅದನ್ನೇ ಕಲಿಯುತ್ತದೆ. ಕೊಡದವರ ಕೈಚೀಲಕ್ಕೆ ಬಾಯಿ ಹಾಕುತ್ತದೆ. ಆಮೇಲೆ ಕೋತಿ ಕಾಟ ಎಂದು ದೂರುವವರೂ ನಾವೇ!

ಎಲ್ಲ ಪ್ರಾಣಿಯೂ ಚಿಪ್ಸಿಗೆ ಕಾಯುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಸೆಲ್ಫಿಗಾಗಿ ಇಳಿದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿಯಿತು, ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು.

ಮಾಮೂ ಕಾರಿನಲ್ಲಿ ಈಗ ತಿಂಡಿಯ ಚೀಲ ಡಿಕ್ಕಿಯಲ್ಲಿರುತ್ತದೆ. ಹಲಗೂರು ದಾಟುವ ಮೊದಲೇ ತಿಂದು ಮುಗಿಸಬೇಕು.