ಅದು ಸೋಮಾರಿತನ ಆಗಿರಲಿಲ್ಲ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಾಳಿ ಶುರುವಾಗುವ ಅರ್ಧ ಗಂಟೆ ಮೊದಲೇ ಹೆಡ್‌ಸೆಟ್ ಹಾಕಿಕೊಂಡು ಕೂರುತ್ತಿದ್ದೆ. ಬೆಂಗಳೂರಿನ ಒಂದು ಕಾಲ್‌ಸೆಂಟರ್. ಗ್ರಾಹಕರ ದೂರು ಬಗೆಹರಿಸಿದಾಗ ಅವರು ‘ಥ್ಯಾಂಕ್ಸ್ ಕಣಪ್ಪಾ’ ಅಂದರೆ ದಿನವೆಲ್ಲ ಖುಷಿ. ಯಾರಾದರೂ ರಜೆ ಹಾಕಿದರೆ ಅವರ ಪಾಳಿಯನ್ನೂ ನಾನೇ ಕೇಳಿ ಪಡೆಯುತ್ತಿದ್ದೆ.

ವರ್ಷ ತುಂಬುವಷ್ಟರಲ್ಲಿ ಅದೇ ಹೆಡ್‌ಸೆಟ್ ಕಂಡರೆ ಎದೆ ಡವಡವ ಎನ್ನತೊಡಗಿತು. ಒಂದು ಕರೆಗೆ ಇಷ್ಟೇ ನಿಮಿಷ, ಶೌಚಾಲಯಕ್ಕೆ ಹೋದರೂ ಲೆಕ್ಕ. ವಾರದ ರಜೆಯ ಸಂಜೆ ಊಟವೇ ಸೇರುತ್ತಿರಲಿಲ್ಲ. ‘ನಿನಗೀಗ ಕೆಲಸದಲ್ಲಿ ಆಸಕ್ತಿಯೇ ಇಲ್ಲ’ ಎಂದರು ಟೀಮ್ ಲೀಡರ್. ನಾನೂ ನಂಬಿದೆ. ಸೋಮಾರಿಯಾಗಿಬಿಟ್ಟೆ ಅಂದುಕೊಂಡು ಇನ್ನಷ್ಟು ಹೊತ್ತು ಕೂತೆ. ಹೆದರಿಕೆಯಲ್ಲಿ ಕೂತಿದ್ದರಿಂದ ತಪ್ಪುಗಳೇ ಹೆಚ್ಚಾದವು.

ಒಂದು ರಾತ್ರಿ ಅವ್ವ ಫೋನಿನಲ್ಲಿ ಮಂಡಿನೋವಿನ ವಿಷಯ ಹೇಳುತ್ತಿದ್ದಳು. ನಾನು ಕೇಳಿಸಿಕೊಂಡು, ‘ಸರಿ, ಬೇರೆ ಏನಾದರೂ ಸಮಸ್ಯೆ ಇದೆಯಾ?’ ಅಂದೆ. ಅದು ಪ್ರತಿ ಕರೆಯ ಕೊನೆಗೆ ನಾನು ಒಪ್ಪಿಸುವ ಸಾಲು. ಅವ್ವ ಒಂದು ಗಳಿಗೆ ಸುಮ್ಮನಿದ್ದು, ‘ಯಾಕ್ ಮಗಾ, ಯಾರೋ ಹೊರಗಿನವ್ರ ಹತ್ರ ಮಾತಾಡ್ದಂಗೆ ಮಾತಾಡ್ತೀಯ?’ ಎಂದಳು.

ಮರುದಿನ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ದಿನವಿಡೀ ಬೇರೆಯವರ ದೂರು ಕೇಳುವ ನನ್ನ ಮಾತನ್ನು ಅವತ್ತು ಇನ್ನೊಬ್ಬರು ಅವಸರವಿಲ್ಲದೆ ಕೇಳಿದರು.

ಆಮೇಲೆ ಈ ಬಗ್ಗೆ ಓದತೊಡಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂದರೇನೆಂದು ವಿವರಿಸಿದೆ. ಅದು ಕಾಯಿಲೆಯಲ್ಲ, ಸರಿಯಾಗಿ ನಿಭಾಯಿಸದೆ ಬಹುಕಾಲ ಉಳಿದ ಕೆಲಸದ ಒತ್ತಡದ ಫಲ. ಲಕ್ಷಣಗಳು ಮೂರು: ಶಕ್ತಿಯೆಲ್ಲ ಬತ್ತಿದಂಥ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ಅಂದರೆ ಆಸಕ್ತಿ ಹೋಗಿದ್ದರಿಂದ ನಾನು ಸೋತಿರಲಿಲ್ಲ. ಸೋತದ್ದರಿಂದ ಆಸಕ್ತಿ ಹೋಗಿತ್ತು. ಇದು ತಿಳಿಯದೆ ದಣಿದವನೇ ತನ್ನನ್ನು ಬೈದುಕೊಂಡರೆ ಆತಂಕ ಹೆಚ್ಚುತ್ತದೆ, ಕೆಲಸ ಇನ್ನಷ್ಟು ಕೆಡುತ್ತದೆ.

ನನ್ನ ಮೂರು ತಿಂಗಳ ಪಾಳಿಗಳನ್ನು ಬರೆದುಕೊಂಡು ಹೋಗಿ ಟೀಮ್ ಲೀಡರ್‌ಗೆ ತೋರಿಸಿದೆ. ಟಾರ್ಗೆಟ್ ಬದಲಾಗಲಿಲ್ಲ. ಆದರೆ ಹೆಚ್ಚುವರಿ ಪಾಳಿಗಳು ನಿಂತವು, ವಾರದ ರಜೆ ಖಚಿತವಾಯಿತು. ನಿದ್ದೆ ಮೊದಲು ಮರಳಿತು, ಆಸಕ್ತಿ ನಿಧಾನಕ್ಕೆ ಹಿಂದೆ ಬಂತು.

ಕೆಲಸ ಹುಡುಕುತ್ತಿರುವ ಗೆಳೆಯರೇ, ಸಂದರ್ಶನದ ಕೊನೆಗೆ ‘ಏನಾದರೂ ಕೇಳುವುದಿದೆಯೇ?’ ಎಂದಾಗ ಸಂಬಳದ ಜೊತೆಗೆ ಪಾಳಿ, ರಜೆ, ಟಾರ್ಗೆಟ್‌ ಬಗ್ಗೆಯೂ ಕೇಳಿ. ಕೇಳುವುದು ಉದ್ಧಟತನವಲ್ಲ.

ಈಗಲೂ ಕೆಲವು ದಿನ ಎದೆ ಡವಡವ ಎನ್ನುತ್ತದೆ. ಆದರೆ ಅವ್ವನ ಮಂಡಿನೋವಿನ ಕತೆಯನ್ನು ಪೂರ್ತಿ ಕೇಳುತ್ತೇನೆ.