ಎ.ಪಿ. ಕಲನಶಾಸ್ತ್ರ ಪರೀಕ್ಷೆಯಲ್ಲಿ ಅಂಕಗಳನ್ನು ನೀಡುವ ವಿಧಾನ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಲೇಜು ಮಟ್ಟದ ವಿಷಯಗಳನ್ನು ಪ್ರೌಢಶಾಲೆಯಲ್ಲಿಯೇ ವ್ಯಾಸಂಗ ಮಾಡುವ ಅವಕಾಶವನ್ನು ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ (ಎ.ಪಿ.) ಕಾರ್ಯಕ್ರಮವು ಒದಗಿಸುತ್ತದೆ. ಕಾಲೇಜ್ ಬೋರ್ಡ್ ಸಂಸ್ಥೆಯು ಪ್ರತಿ ವರ್ಷ ಮೇ ತಿಂಗಳಿನಲ್ಲಿ ಇದರ ಪರೀಕ್ಷೆಗಳನ್ನು ನಡೆಸುತ್ತದೆ. ಕಲನಶಾಸ್ತ್ರಕ್ಕೆ ಎ.ಬಿ. ಮತ್ತು ಬಿ.ಸಿ. ಎಂಬ ಎರಡು ಪರೀಕ್ಷೆಗಳಿದ್ದು, ಫಲಿತಾಂಶವನ್ನು 1 ರಿಂದ 5 ರವರೆಗಿನ ಶ್ರೇಣಿಯಲ್ಲಿ ಪ್ರಕಟಿಸಲಾಗುತ್ತದೆ. ಅನೇಕ ವಿಶ್ವವಿದ್ಯಾಲಯಗಳು 3 ಅಥವಾ ಅದಕ್ಕಿಂತ ಮೇಲಿನ ಶ್ರೇಣಿಗೆ ಮಾನ್ಯತೆ ನೀಡುತ್ತವೆ. ಕೆಲವು 4 ಅಥವಾ 5 ನ್ನು ಅಪೇಕ್ಷಿಸುತ್ತವೆ. ಮಾನ್ಯತೆ ದೊರೆತ ವಿದ್ಯಾರ್ಥಿಯು ಅದೇ ವಿಷಯವನ್ನು ಕಾಲೇಜಿನಲ್ಲಿ ಮತ್ತೊಮ್ಮೆ ಶುಲ್ಕ ತೆತ್ತು ಓದಬೇಕಾಗಿಲ್ಲ. ಆದುದರಿಂದ ಒಂದೆರಡು ಅಂಕಗಳ ವ್ಯತ್ಯಾಸವೂ ಇಲ್ಲಿ ಗಣನೀಯವಾಗಿದೆ.

2025 ರ ಮೇ ತಿಂಗಳ ಪರೀಕ್ಷೆಯಲ್ಲಿದ್ದಂತೆ, ಮೊದಲ ಭಾಗದಲ್ಲಿ 45 ಬಹು ಆಯ್ಕೆ ಪ್ರಶ್ನೆಗಳೂ ಎರಡನೆಯ ಭಾಗದಲ್ಲಿ ವಿವರವಾಗಿ ಉತ್ತರಿಸಬೇಕಾದ 6 ಪ್ರಶ್ನೆಗಳೂ ಇರುತ್ತವೆ. ಎರಡಕ್ಕೂ ಸಮಾನ ತೂಕವಿದೆ. ಬಹು ಆಯ್ಕೆ ಪ್ರಶ್ನೆಗಳ ತಪ್ಪು ಉತ್ತರಕ್ಕೆ ಕಾಲು ಅಂಶ ಕಳೆಯುವ ಪದ್ಧತಿಯನ್ನು 2011 ರಲ್ಲಿ ಕೈಬಿಡಲಾಯಿತು. 2025 ರಿಂದ ಪ್ರಶ್ನೆಗಳು ಕಂಪ್ಯೂಟರಿನ ಪರದೆಯ ಮೇಲೆ ಬರುತ್ತಿದ್ದರೂ ವಿವರಣಾತ್ಮಕ ಉತ್ತರಗಳನ್ನು ಕಾಗದದ ಪುಸ್ತಿಕೆಯಲ್ಲಿ ಕೈಬರಹದಲ್ಲಿಯೇ ಬರೆಯಬೇಕಾಗಿದೆ.

ವಿವರಣಾತ್ಮಕ ಪ್ರಶ್ನೆಯೊಂದಕ್ಕೆ 9 ಅಂಕಗಳಂತೆ ಒಟ್ಟು 54 ಅಂಕಗಳು. ಈ ಉತ್ತರಗಳನ್ನು ಜೂನ್ ತಿಂಗಳಿನಲ್ಲಿ ಪ್ರೌಢಶಾಲಾ ಮತ್ತು ಕಾಲೇಜು ಅಧ್ಯಾಪಕರು ಮೌಲ್ಯಮಾಪನ ಮಾಡುತ್ತಾರೆ. ಮಾದರಿ ಉತ್ತರಗಳ ಮೇಲೆ ತರಬೇತಿ ಪಡೆದ ನಂತರವೇ ಅವರು ಕಾರ್ಯ ಆರಂಭಿಸುತ್ತಾರೆ. ಒಂದೊಂದು ಅಂಕವೂ ಯಾವ ಹಂತಕ್ಕೆ ಸಲ್ಲತಕ್ಕದ್ದು ಎಂಬುದು ಸೂಚಿಯಲ್ಲಿ ಮೊದಲೇ ನಿಗದಿಯಾಗಿರುತ್ತದೆ. ದ್ವಿತೀಯ ಪಿ.ಯು.ಸಿ. ಗಣಿತದಲ್ಲಿ ಹಂತಗಳಿಗೆ ಅಂಕ ನೀಡುವ ಕ್ರಮವನ್ನು ಬಲ್ಲವರಿಗೆ ಇದು ಹೊಸದಲ್ಲ.

ಹಂತಗಳನ್ನು ತೋರಿಸದೆ ಸರಿಯಾದ ಉತ್ತರವನ್ನಷ್ಟೇ ಬರೆದಲ್ಲಿ ಸಾಮಾನ್ಯವಾಗಿ ಅಂಕ ದೊರೆಯುವುದಿಲ್ಲ. ಕ್ಯಾಲ್ಕುಲೇಟರ್ ಬಳಸಬಹುದಾದ ಪ್ರಶ್ನೆಯಲ್ಲಿಯೂ ಅನುಕಲವನ್ನು ಗಣಿತದ ಸಂಕೇತಗಳಲ್ಲಿಯೇ ಬರೆದು ತೋರಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಒತ್ತಿದ ಆಜ್ಞೆಯನ್ನು ನಕಲು ಮಾಡಿದರೆ ಸಾಲದು. ದಶಮಾಂಶ ಉತ್ತರವು ಮೂರು ಸ್ಥಾನಗಳವರೆಗೆ ನಿಖರವಾಗಿರಬೇಕು. 2.4786 ಎಂಬ ಉತ್ತರಕ್ಕೆ 2.479 ಅಥವಾ 2.478 ಎರಡೂ ಸ್ವೀಕಾರಾರ್ಹ, 2.48 ಅಲ್ಲ. ಸಂಖ್ಯಾರೂಪದ ಉತ್ತರವನ್ನು ಸುಲಭೀಕರಿಸುವುದು ಕಡ್ಡಾಯವಲ್ಲ. ಆದರೆ ಸರಿಯಾದ ಉತ್ತರವನ್ನು ಸುಲಭೀಕರಿಸಲು ಹೋಗಿ ತಪ್ಪಿದ ವಿದ್ಯಾರ್ಥಿಯು ಕೈಗೆ ಬಂದಿದ್ದ ಅಂಕವನ್ನು ಕಳೆದುಕೊಳ್ಳುತ್ತಾನೆ.

ಅತಿ ಹೆಚ್ಚು ನಷ್ಟ ಉಂಟುಮಾಡುವ ಲೋಪವು ಅವಕಲ ಸಮೀಕರಣದ ಪ್ರಶ್ನೆಯಲ್ಲಿ ಕಂಡುಬರುತ್ತದೆ. ಚಲಕಗಳನ್ನು ಬೇರ್ಪಡಿಸಿ ಅನುಕಲಿಸಿದ ಮೇಲೆ ಸ್ಥಿರಾಂಕವನ್ನು ಸೇರಿಸಲು ಮರೆತರೆ, ಆವರೆಗಿನ ಹಂತಗಳ ಅಂಕಗಳು ಮಾತ್ರ ಉಳಿಯುತ್ತವೆ. ಆರಂಭಿಕ ನಿಬಂಧನೆಯ ಬಳಕೆ ಹಾಗೂ ಅಂತಿಮ ಪರಿಹಾರದ ಅಂಕಗಳು ಒಮ್ಮೆಗೇ ಕೈತಪ್ಪುತ್ತವೆ. ಚಲಕಗಳನ್ನು ಬೇರ್ಪಡಿಸದೆಯೇ ಮುಂದುವರಿದಲ್ಲಿ ಆ ಉಪಪ್ರಶ್ನೆಗೆ ಶೂನ್ಯ. ಇದು ಕಠಿಣವೆಂದು ತೋರಬಹುದಾದರೂ, ಸ್ಥಿರಾಂಕವಿಲ್ಲದೆ ಆರಂಭಿಕ ನಿಬಂಧನೆಯನ್ನು ಅಳವಡಿಸಲು ಸ್ಥಳವೇ ಇರುವುದಿಲ್ಲ. ಇದೇ ರೀತಿ ಮೀನ್ ವ್ಯಾಲ್ಯೂ ಪ್ರಮೇಯವನ್ನು ಅನ್ವಯಿಸುವಾಗ, ಫಲನವು ಅವಕಲನೀಯ ಹಾಗೂ ಅವಿಚ್ಛಿನ್ನ ಎಂಬುದನ್ನು ನಮೂದಿಸದಿದ್ದರೆ ವಾದಕ್ಕೆ ಪೂರ್ಣ ಅಂಕ ದೊರೆಯುವುದಿಲ್ಲ.

ಒಂದು ಉಪಪ್ರಶ್ನೆಯ ತಪ್ಪು ಉತ್ತರವನ್ನು ಮುಂದಿನದರಲ್ಲಿ ಸರಿಯಾದ ಕ್ರಮದಿಂದ ಬಳಸಿದಲ್ಲಿ, ಅದೇ ತಪ್ಪಿಗೆ ಸಾಮಾನ್ಯವಾಗಿ ಎರಡನೆಯ ಬಾರಿ ಅಂಕ ಕಳೆಯುವುದಿಲ್ಲ.

ಬಹು ಆಯ್ಕೆಯ 45 ಸರಿ ಉತ್ತರಗಳನ್ನು 1.2 ರಿಂದ ಗುಣಿಸಿದರೆ 54 ಆಗಿ, ಎರಡೂ ಭಾಗ ಸೇರಿ 108 ಆಗುತ್ತದೆ. ಈ ಮೊತ್ತದಲ್ಲಿ ಯಾವ ಶ್ರೇಣಿಗೆ ಎಷ್ಟು ಬೇಕೆಂಬ ಗಡಿಯು ಪ್ರಶ್ನೆಪತ್ರಿಕೆಯ ಕ್ಲಿಷ್ಟತೆಗೆ ಅನುಗುಣವಾಗಿ ಬದಲಾಗಬಹುದು. ಶ್ರೇಣಿಗಳನ್ನು ಜುಲೈ ತಿಂಗಳಿನಲ್ಲಿ ತಿಳಿಸಲಾಗುತ್ತದೆ. ಬಿ.ಸಿ. ಪರೀಕ್ಷೆ ಬರೆದವರಿಗೆ, ಅದರಲ್ಲಿನ ಎ.ಬಿ. ವಿಷಯಗಳ ಪ್ರಶ್ನೆಗಳನ್ನು ಆಧರಿಸಿದ ಪ್ರತ್ಯೇಕ ಉಪಶ್ರೇಣಿಯನ್ನೂ ನೀಡಲಾಗುತ್ತದೆ.